ಎಲ್ಲರದೂ ಊಟ ಆಯ್ತು

ರಾಜಾಜಿನಗರದಲ್ಲಿ ಬೆಳೆದವಳು ನಾನು. ಚಿಕ್ಕವಳಿದ್ದಾಗ ಬಡಾವಣೆಯ ಹೆಸರೊಳಗೇ ಒಬ್ಬ ರಾಜ ಕೂತಿದ್ದಾನೆಂದು ತಿಳಿದಿದ್ದೆ. ಅವನ ಅರಮನೆ ಆರನೇ ಬ್ಲಾಕಿಗಿಂತ ಆಚೆ ಎಲ್ಲೋ, ನಮ್ಮ ಬಾಡಿಗೆ ಸೈಕಲ್ಲು ಮುಟ್ಟದಷ್ಟು ದೂರದಲ್ಲಿರಬೇಕು. ಆಮೇಲೆ ಸ್ಕೂಲಿನಲ್ಲಿ ಮೇಷ್ಟ್ರು ಹೇಳಿದರು: ಆ ರಾಜಾಜಿ ಕಿರೀಟ ತೊಟ್ಟವರಲ್ಲ, ಖಾದಿ ಉಟ್ಟವರು; 1948ರಿಂದ 1950ರವರೆಗೆ ದೇಶದ ಗವರ್ನರ್ ಜನರಲ್ ಆಗಿದ್ದ ಚಕ್ರವರ್ತಿ ರಾಜಗೋಪಾಲಾಚಾರ್ಯರು. ನನಗೆ ನಿರಾಸೆಯೇನೂ ಆಗಲಿಲ್ಲ. ರಾಜನೊಬ್ಬನಿದ್ದ ಜಾಗದಲ್ಲಿ ಚಕ್ರವರ್ತಿಯೂ ಸಿಕ್ಕಿದಂತಾಯಿತು. ಸುತ್ತ ಕಣ್ಣು ಹಾಯಿಸಿದರೆ ನಮ್ಮ ಪಶ್ಚಿಮ ಬೆಂಗಳೂರಿನ ತುಂಬ ಇದೇ ನಡೆದಿದೆ. ಮಾಗಡಿ ರಸ್ತೆ ದಾಟಿದರೆ ವಿಜಯನಗರ, ಅದರ ಪಕ್ಕದಲ್ಲೇ ಹಂಪಿನಗರ. ಇತ್ತ ಬಸವೇಶ್ವರನಗರ, ಬಿಜ್ಜಳನ ಭಂಡಾರ ನೋಡಿಕೊಂಡು ಅವನಿಗೂ ಎದುರು ಮಾತಾಡಿದ ಅಣ್ಣನ ಹೆಸರಿನದು. ಕೆಂಗೇರಿಯನ್ನು ಹಾದು ಹೋಗುವುದಂತೂ ಮೈಸೂರು ರಸ್ತೆ, ದೊರೆಯ ಊರಿಗೆ ಹೋಗುವ ದಾರಿ. ಸಾಮ್ರಾಜ್ಯಗಳು ಅಳಿದಮೇಲೆ ಅವುಗಳ ಹೆಸರುಗಳು ಬಸ್ಸಿನ ಬೋರ್ಡು ಹತ್ತಿ ನಮ್ಮ ಮನೆಬಾಗಿಲಿಗೆ ಬಂದು ಇಳಿದಿವೆ.

2025ರ ಅಕ್ಟೋಬರ್ 31ರ ಬೆಳಿಗ್ಗೆ ನಮ್ಮ ಪಾರ್ಕಿನಲ್ಲಿ ಮಾರನೆಯ ದಿನದ ರಾಜ್ಯೋತ್ಸವಕ್ಕೆ ಕೆಂಪು ಹಳದಿ ಬಾವುಟ ಕಟ್ಟುತ್ತಿದ್ದರು. ಹಿಂದಿನ ರಾತ್ರಿ ಲಂಡನ್ನಿನಿಂದ ಸುದ್ದಿ ಬಂದಿತ್ತು, ಚಾರ್ಲ್ಸ್ ದೊರೆ ತನ್ನ ತಮ್ಮನ ಹೆಸರಿನ ಹಿಂದಿದ್ದ 'ರಾಜಕುಮಾರ'ನನ್ನು ತೆಗೆದುಹಾಕಿದ್ದಾನೆ ಎಂದು. ನಮ್ಮ ವಾಕಿಂಗ್ ಗುಂಪಿನಲ್ಲಿ ಆ ದಿನ ಸಕ್ಕರೆ ಕಾಯಿಲೆಯ ಮಾತಿಲ್ಲ, ಸೊಸೆಯ ಮಾತಿಲ್ಲ.

"ಬಿರುದು ಕಿತ್ಕೊಂಡ್ರಂತಲ್ಲ ರೀ, ಆ ದೊರೆ ತಮ್ಮನ್ನ."

"ಮನೇನೂ ಬಿಡು ಅಂದ್ರಂತೆ."

"ಇನ್ಮೇಲೆ ಬರೀ ಆಂಡ್ರೂ. ನಮ್ಮ ನಿಮ್ಮ ಹಾಗೆ."

ಯಾರದೋ ಮನೆ ಸಂಗತಿ. ಎಂಟು ಸಾವಿರ ಕಿಲೋಮೀಟರಿನ ಆಚೆಯದು. ನಮ್ಮ ಅಜ್ಜ ಮುತ್ತಜ್ಜಂದಿರನ್ನು ಆಳಿದವರದು. ಆದರೂ ನಾವು ಐವರು ಹೆಂಗಸರು ಕಲ್ಲುಬೆಂಚಿನ ಮೇಲೆ ಕೂತು, ಎದುರು ಮನೆಯ ಜಗಳ ಕೇಳಿಸಿಕೊಂಡವರ ಹಾಗೆ ಮಾತಾಡಿದೆವು. ಬಿಸಿಲು ಬೆನ್ನಿಗೆ ಬಂದು, ಅಲ್ಲಿಂದ ಕತ್ತಿಗೆ ಏರಿ, ಹೂವಿನವಳು ಬುಟ್ಟಿ ಎತ್ತಿಕೊಂಡು ಹೋದಮೇಲೂ ಮಾತು ಮುಗಿಯಲಿಲ್ಲ. ನಡುವೆ ಒಬ್ಬರು, ಸ್ವಲ್ಪ ಹಿರಿಯರು, ಕೇಳಿದರು: "ಅಲ್ಲಾ, ಅವನ ಹೆಂಡ್ತಿ ಮಕ್ಕಳು ಮನೇಲಿ ಅವನನ್ನ ಏನಂತ ಕರೀತಾರೆ?" ಎಲ್ಲರೂ ಸುಮ್ಮನಾದೆವು. ಆ ಪ್ರಶ್ನೆ ನನ್ನ ಜೊತೆಗೇ ಮನೆಗೆ ಬಂತು. ಕಾಫಿಯ ಲೋಟದಲ್ಲೂ ಇತ್ತು, ಸೊಪ್ಪು ಬಿಡಿಸುವಾಗಲೂ ಇತ್ತು. ನನಗನ್ನಿಸಿತು, ನಾವು ರಾಜರ ಬಗ್ಗೆ ಕೇಳುವುದೆಲ್ಲ ಕೊನೆಗೆ ಈ ಒಂದನ್ನೇ. ಹೊರಗೆ ಕೂಗುವ ಹೆಸರು ನಮಗೆ ಗೊತ್ತು. ಒಳಗೆ ಕರೆಯುವ ಹೆಸರು ಯಾವುದು?

ಹೊರಗಿನ ಹೆಸರುಗಳಿಗೆ ನಮ್ಮಲ್ಲೇನು ಬರವೇ? ಹೊಯ್ಸಳರು ಮಲಪರೊಳ್ಗಂಡರು. ವಿಜಯನಗರದವರು ಮೂರುರಾಯರ ಗಂಡರು. ಸಾಲದೆಂದು ಭಾಷೆಗೆ ತಪ್ಪುವ ರಾಯರ ಗಂಡರು. ಕೊಟ್ಟ ಮಾತಿಗೆ ತಪ್ಪಿದ ದೊರೆಗಳ ಸೊಕ್ಕಡಗಿಸುವುದನ್ನೇ ಬಿರುದು ಮಾಡಿಕೊಂಡದ್ದು ನನಗೆ ಬಹಳ ಇಷ್ಟ. ಚಾಲುಕ್ಯ ಮೂರನೆಯ ಸೋಮೇಶ್ವರ ಸರ್ವಜ್ಞ ಚಕ್ರವರ್ತಿ. ಊಟ, ಉಡುಗೆ, ಆನೆ, ಆಟ, ಎಲ್ಲವನ್ನೂ ಕೂಡಿಸಿ 'ಮಾನಸೋಲ್ಲಾಸ' ಬರೆದವನು, ಬಿರುದಿಗೆ ತಕ್ಕವನು. ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ ನವಕೋಟಿ ನಾರಾಯಣ ಎಂಬ ಹೆಸರು. ಬೊಕ್ಕಸದಲ್ಲಿ ಒಂಬತ್ತು ಕೋಟಿ ಇತ್ತೆಂದು ಜನ ಹೇಳಿಕೊಂಡದ್ದು. ಇವೆಲ್ಲಕ್ಕಿಂತ ಮೈಸೂರಿನವರ ಇನ್ನೊಂದು ಬಿರುದಿದೆ: ಬಿರುದೆಂತೆಂಬರ ಗಂಡ. ನನಗೆ ಇಂಥ ಬಿರುದಿದೆ, ಅಂಥ ಬಿರುದಿದೆ ಎನ್ನುವವರಿಗೆಲ್ಲ ಗಂಡ. ಬಿರುದುಗಳ ತಲೆಯ ಮೇಲೆ ಕೂತ ಬಿರುದು! ಇದನ್ನು ಮೊದಲು ಹೊಳೆಯಿಸಿಕೊಂಡ ಆಸ್ಥಾನಪಂಡಿತ ಯಾರಿದ್ದಾನೋ, ಅವನು ಆ ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡಿರಬೇಕು.

ಇದನ್ನೆಲ್ಲ ನನಗೆ ಕಲಿಸಿದವಳು ನನ್ನ ದೊಡ್ಡಮ್ಮ. ಮೈಸೂರಿನವಳು, ಮದುವೆಯಾಗಿ ಬೆಂಗಳೂರಿಗೆ ಬಂದು ಕೊನೆಗೆ ವಿಜಯನಗರದಲ್ಲಿ ನೆಲೆಸಿದವಳು. ಅವಳ ಬಾಲ್ಯದ ಒಂದು ಆಟವಂತೆ: ಮೂಗು ಹಿಡಿದುಕೊಂಡು ಒಂದೇ ಉಸಿರಿನಲ್ಲಿ ಮಹಾರಾಜರ ಬಿರುದುಗಳನ್ನು ಹೇಳಿ ಮುಗಿಸಬೇಕು. ಶ್ರೀಮನ್ಮಹಾರಾಜಾಧಿರಾಜದಿಂದ ಹೊರಟು ಅಪ್ರತಿಮವೀರನನ್ನು ದಾಟಿ ಬಿರುದೆಂತೆಂಬರ ಗಂಡನಲ್ಲಿಗೆ ತಲುಪುವಷ್ಟರಲ್ಲಿ ಮುಖ ಕೆಂಪಾಗುತ್ತಿತ್ತು. ಉಸಿರು ಬಿಟ್ಟವರು ಔಟು. ಅರವತ್ತು ದಾಟಿದಮೇಲೂ ಅವಳು ಒಮ್ಮೆ ನಮಗಾಗಿ ಅದನ್ನು ಆಡಿ ತೋರಿಸಿದ್ದಳು. ನಡುವೆ ನಗು ಬಂದು ಸೋತಳು.

ಅವಳ ಅಪ್ಪ ಅರಮನೆಯ ಉಗ್ರಾಣದಲ್ಲಿ ಲೆಕ್ಕ ಬರೆಯುವ ಗುಮಾಸ್ತರು. ಅಕ್ಕಿ ಎಷ್ಟು ಪಲ್ಲ, ತುಪ್ಪ ಎಷ್ಟು ಮಣ, ಏಲಕ್ಕಿ ಎಷ್ಟು ಸೇರು. ದಸರೆಯ ದರ್ಬಾರಿನ ಕಾಲಕ್ಕೆ ಕರಿಯ ಉದ್ದ ಕೋಟು, ಬಿಳಿ ಷರಾಯಿ, ಜರಿಯ ಪೇಟ, ಮೇಲೊಂದು ವಲ್ಲಿ. ರಾತ್ರಿ ಮನೆಗೆ ಬಂದು ಪೇಟವನ್ನು ಕೆಡದಂತೆ ಎರಡೂ ಕೈಯಲ್ಲಿ ಎತ್ತಿ ಗೂಟಕ್ಕೆ ಇಡುತ್ತಿದ್ದರು. ಹಣೆಯ ಮೇಲೆ ಅದು ಮೂಡಿಸಿದ ಗೆರೆ ಮಲಗುವ ಹೊತ್ತಿನವರೆಗೂ ಇರುತ್ತಿತ್ತು. ಆಗ ದೊಡ್ಡಮ್ಮನ ಅಮ್ಮ, ಪಕ್ಕದ ಮನೆಯವರು, ಪಕ್ಕದ ಮನೆಗೆ ಬಂದ ನೆಂಟರು ಎಲ್ಲರೂ ಸುತ್ತ ಸೇರುತ್ತಿದ್ದರು. ಊರಿಗೆ ಊರೇ ಹೊರಗಿನಿಂದ ನೋಡುವ ಆ ದೀಪದ ಸಾಲಿನ ಒಳಗಿನಿಂದ ಎದ್ದು ಬಂದ ಮನುಷ್ಯ ಅವರು. ಏನು ವಿಶೇಷ ಅರಮನೇಲಿ?

ಅವರು ಕಾಲು ತೊಳೆದು ಬಂದು ಹೇಳುತ್ತಿದ್ದದ್ದು ಒಂದೇ ಮಾತು. "ಎಲ್ಲರದೂ ಊಟ ಆಯ್ತು."

ಅಷ್ಟೇ. ಮೂವತ್ತು ವರ್ಷ ಅರಮನೆಯ ಒಳಗೆ ಓಡಾಡಿದವರು ಮನೆಗೆ ತಂದ ಸುದ್ದಿ ಅಷ್ಟೇ.

ಅಪ್ಪನ ಈ ಗುಣ ಮಗಳಿಗೆ ಅರ್ಧ ಮಾತ್ರ ಬಂದಿತ್ತು. ಅದೇ ನಮ್ಮ ಸಂಕಟ. ಅವಳು ಶುರು ಮಾಡುತ್ತಿದ್ದಳು. "ಅರಮನೇಲಿ ಒಂದ್ಸಲ ಏನಾಯ್ತು ಅಂದ್ರೆ..." ಎಂದು ದನಿ ತಗ್ಗಿಸುತ್ತಿದ್ದಳು. ನಾವು ಮಕ್ಕಳು ಮೊಣಕೈ ಊರಿಕೊಂಡು ಹತ್ತಿರ ಸರಿಯುತ್ತಿದ್ದೆವು. ಅಷ್ಟು ಹೊತ್ತಿಗೆ ಹಾಲು ಉಕ್ಕುತ್ತಿತ್ತು, ಇಲ್ಲವೇ ಅವಳ ಕಣ್ಣಿಗೆ ಏನೋ ಕಾಣುತ್ತಿತ್ತು. ಗೂಟದ ಮೇಲಿನ ಪೇಟವೇ ಇರಬೇಕು. "ಬಿಡೇ, ಅದೆಲ್ಲ ಯಾಕೆ ಈಗ" ಎಂದುಬಿಡುತ್ತಿದ್ದಳು.

ಈ 'ಬಿಡು' ಎನ್ನುವುದು ಕನ್ನಡದಲ್ಲಿ ಎಂಥ ಮಾತು! ಒಂದು ಕ್ರಿಯೆಯ ಬಾಲಕ್ಕೆ ಅಂಟಿಕೊಂಡು ಅದರ ಬಣ್ಣವನ್ನೇ ಬದಲಿಸುತ್ತದೆ. ಹೇಳುವುದು ಬೇರೆ, ಹೇಳಿಕೊಳ್ಳುವುದು ಬೇರೆ, ಹೇಳಿಬಿಡುವುದು ಬೇರೆ. ಹೇಳಿಕೊಂಡದ್ದು ಹೇಳಿದವರ ಹತ್ತಿರವೂ ಉಳಿಯುತ್ತದೆ. ಹೇಳಿಬಿಟ್ಟದ್ದು ಕೈಬಿಟ್ಟ ಹಾಗೆ, ಹಗ್ಗ ಕಡಿದುಕೊಂಡ ಕರುವಿನ ಹಾಗೆ, ಮತ್ತೆ ಹಿಡಿಯಲಾಗುವುದಿಲ್ಲ. ಜೊತೆಗೆ ಎದೆ ಹಗುರಾದದ್ದೂ ಅದರಲ್ಲೇ ಇದೆ. ಅರಮನೆಗಳ ಒಳಗಿನ ಗುಟ್ಟನ್ನು ಹೊರಗೆ ಹೇಳಿಬಿಡುವ ಪುಸ್ತಕಗಳಿಗೆ ನಾನು 'ಹೇಳಿಬಿಟ್ಟೋತ್ತಿಗೆ' ಎಂದು ಹೆಸರಿಟ್ಟುಕೊಂಡಿದ್ದೇನೆ. ಹೊತ್ತಗೆಯೂ ಹೌದು, ಹೇಳಿಬಿಟ್ಟ ಹೊತ್ತೂ ಹೌದು. ಅಂಥದೊಂದು ನಮ್ಮಲ್ಲಿ ಬಹಳ ಹಿಂದೆಯೇ ಆಗಿದೆ, ಕಾಗದದ ಮೇಲಲ್ಲ. 1610ರ ಆಸುಪಾಸಿನಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಹಿಡಿದಾಗ ಅಲ್ಲಿನ ರಾಜಪ್ರತಿನಿಧಿ ತಿರುಮಲರಾಯನ ಹೆಂಡತಿ ಅಲಮೇಲಮ್ಮ ಒಡವೆಗಳೊಂದಿಗೆ ಕಾವೇರಿಗೆ ಹಾರಿದಳೆಂದು ಕತೆ. ಹಾರುವ ಮುಂಚೆ ತಲಕಾಡಿಗೆ ಮರಳನ್ನು, ಮಾಲಂಗಿಗೆ ಮಡುವನ್ನು, ಮೈಸೂರಿನ ದೊರೆಗಳಿಗೆ ಬರಿಯ ತೊಟ್ಟಿಲನ್ನು ಶಾಪವಾಗಿ ಕೊಟ್ಟಳು. ಅವಳು ಹೇಳಿಬಿಟ್ಟಳು, ಹಾರಿಬಿಟ್ಟಳು. ನಾಲ್ಕು ನೂರು ವರ್ಷದಿಂದ ನಾಡು ಆ ಮೂರು ಮಾತನ್ನು ಪ್ರತಿ ಮನೆಯಲ್ಲೂ ಓದುತ್ತ ಬಂದಿದೆ. ಅರಮನೆ ಅವಳ ವಿಗ್ರಹವನ್ನಿಟ್ಟು ಪೂಜಿಸುತ್ತ ಬಂದಿದೆ. 2017ರ ಡಿಸೆಂಬರಿನಲ್ಲಿ ರಾಜಮನೆತನದಲ್ಲಿ ಗಂಡುಮಗು ಹುಟ್ಟಿದಾಗ ಟೀವಿಯವರು ಮಗುವಿಗಿಂತ ಮೊದಲು ಅಲಮೇಲಮ್ಮನನ್ನೇ ನೆನೆದರು.

ಶಾಪದ ಕತೆಯಲ್ಲಿ ನನ್ನ ಮನಸ್ಸು ನಿಲ್ಲುವುದು ಸ್ವಲ್ಪ ಹೊತ್ತು ಮಾತ್ರ. ಹೆಸರುಗಳಿಗೆ ಹಿಂತಿರುಗುತ್ತೇನೆ. ಮುಮ್ಮಡಿ, ನಾಲ್ವಡಿ ಎಂಬ ಮಾತುಗಳನ್ನು ನೋಡಿ. ಮೂರನೆಯ, ನಾಲ್ಕನೆಯ ಕೃಷ್ಣರಾಜ ಎಂದಷ್ಟೇ ಅರ್ಥ. ಆದರೆ ಆ 'ಮಡಿ'ಯಲ್ಲಿ ಬಟ್ಟೆಯ ಮಡಿಕೆ ಇದೆ. ದೊಡ್ಡಮ್ಮ ಮೈಸೂರು ರೇಷ್ಮೆ ಸೀರೆಯನ್ನು ಗಾಳಿಗೆ ಹಾಕಿ ಮತ್ತೆ ನಾಲ್ಕು ಮಡಿಕೆ ಮಾಡಿ ಟ್ರಂಕಿನಲ್ಲಿಡುವಾಗ ನನಗೆ ನಾಲ್ವಡಿಯವರ ನೆನಪೇ ಬರುತ್ತಿತ್ತು. ಆ ರೇಷ್ಮೆಯ ಕಾರ್ಖಾನೆ ಹಾಕಿಸಿದವರೂ ಅವರೇ. ಗಾಂಧೀಜಿ ಅವರನ್ನು ರಾಜರ್ಷಿ ಎಂದು ಕರೆದರು. ಮಂಡ್ಯದ ಕಡೆ ಮನೆಗಳಲ್ಲಿ ಅವರ ಪಟ ದೇವರ ಪಟದ ಸಾಲಿನಲ್ಲೇ ಇರುತ್ತದೆ, ಗದ್ದೆಗೆ ನೀರು ತಂದವರೆಂದು. 1940ರ ಆಗಸ್ಟ್ 3ರಂದು ಬೆಂಗಳೂರಿನ ಅರಮನೆಯಲ್ಲಿ ಅವರು ತೀರಿಕೊಂಡಾಗ ದೊಡ್ಡಮ್ಮನಿಗೆ ಹತ್ತು ವರ್ಷ. ಆ ದಿನ ಮೈಸೂರಿನಲ್ಲಿ ಯಾರ ಮನೆಯಲ್ಲೂ ಒಗ್ಗರಣೆಯ ಸದ್ದು ಕೇಳಿಸಲಿಲ್ಲವೆಂದು ಅವಳು ಹೇಳುತ್ತಿದ್ದಳು. ಅವಳ ಅಪ್ಪ ಮನೆಗೆ ಬಂದವರು ಕಾಲು ತೊಳೆದರು. ಆ ರಾತ್ರಿ ಊಟದ ಮಾತು ಕೂಡ ಆಡಲಿಲ್ಲ.

ಇಂಥ ಘನವಾದ ಹೆಸರುಗಳನ್ನು ಬೆಂಗಳೂರು ಏನು ಮಾಡಿದೆ ಎಂದು ಯೋಚಿಸಿದರೆ ನನಗೆ ಪ್ರೀತಿ ಉಕ್ಕುತ್ತದೆ. ಕೃಷ್ಣರಾಜೇಂದ್ರ ಮಾರುಕಟ್ಟೆಯನ್ನು ಕೆ.ಆರ್. ಮಾರ್ಕೆಟ್ ಮಾಡಿತು, ಕಂಡಕ್ಟರಿಗೆ ಅದೂ ಉದ್ದವಾಗಿ ಬರೀ ಮಾರ್ಕೆಟ್ ಆಯಿತು. ಕೃಷ್ಣರಾಜಸಾಗರ ಕೆ.ಆರ್.ಎಸ್. ಆಯಿತು. ಜಯಚಾಮರಾಜೇಂದ್ರ ರಸ್ತೆ ಜೆ.ಸಿ. ರೋಡಾಯಿತು. ಪರಾಕಿನವರು ಉಸಿರು ಕಟ್ಟಿ ಕೂಗಿದ್ದನ್ನು ಜನ ಎರಡು ಮೂರು ಅಕ್ಷರಕ್ಕೆ ಇಳಿಸಿ ಜೇಬಿನಲ್ಲಿಟ್ಟುಕೊಂಡರು. ಇದು ಅಸಡ್ಡೆಯಲ್ಲ. ದಿನಾ ಕರೆಯುವವರು ಹೆಸರನ್ನು ಗಿಡ್ಡ ಮಾಡುತ್ತಾರೆ. ವೆಂಕಟಲಕ್ಷ್ಮಮ್ಮನನ್ನು ವೆಂಕೂ ಎಂದಂತೆ.

ನಮ್ಮ ರಾಜಾಜಿನಗರದ ಬಚ್ಚಲುಮನೆಗಳಲ್ಲೂ ಅರಮನೆಯ ಒಂದು ಚೂರು ಇದೆ. ಮೈಸೂರು ಸ್ಯಾಂಡಲ್ ಸೋಪಿನ ಕಾರ್ಖಾನೆ ಇಲ್ಲೇ, ಈಗ ಮೆಟ್ರೋ ನಿಲ್ದಾಣಕ್ಕೂ ಅದರದೇ ಹೆಸರು. ನಾಲ್ವಡಿಯವರ ಕಾಲದಲ್ಲಿ, 1916ರಲ್ಲಿ ಗಂಧದೆಣ್ಣೆಯಿಂದ ಶುರುವಾದ ಉದ್ಯಮ. ಸೋಪಿನ ಮೇಲೆ ಶರಭ ಇರುತ್ತದೆ, ಆನೆಯ ತಲೆ ಸಿಂಹದ ಮೈ. ಹೊಸ ಸೋಪಿನಲ್ಲಿ ಅದು ಚೂಪಾಗಿ ಬೆರಳಿಗೆ ಹತ್ತುತ್ತದೆ. ಮೂರನೆಯ ದಿನಕ್ಕೆ ಸೊಂಡಿಲು ಮಸುಕು, ವಾರಕ್ಕೆ ಬರಿಯ ಉಬ್ಬು, ಆಮೇಲೆ ಗಂಧ ಮಾತ್ರ. ರಾಜಲಾಂಛನವೊಂದು ಹೀಗೆ ಮೈಗೆ ತಿಕ್ಕಿ ತಿಕ್ಕಿ ಪರಿಮಳವಾಗಿ ಹೋಗುವುದನ್ನು ನಾನು ಎಷ್ಟು ಬೆಳಗು ನೋಡಿದ್ದೇನೋ. ಕೆಂಪು ಬಸ್ಸಿನ ಮೇಲಿನ ಗಂಡಭೇರುಂಡವೂ ಹೀಗೆಯೇ, ಮಳೆ ಧೂಳು ತಿಂದುಕೊಂಡು ಮಡಿಕೇರಿಗೂ ಹೋಗಿ ಬರುತ್ತದೆ.

ಮಡಿಕೇರಿ ಎಂದೆ. ನಿಲ್ಲಬೇಕು ಇಲ್ಲಿ. ಇಂಗ್ಲೆಂಡಿನ ಅರಮನೆಯ ಕತೆಗೂ ನಮ್ಮ ನಾಡಿಗೂ ಒಂದು ಎಳೆ ಅಲ್ಲಿಂದ ಹೋಗುತ್ತದೆ. 1834ರಲ್ಲಿ ಕಂಪನಿಯವರು ಕೊಡಗಿನ ದೊರೆ ಚಿಕವೀರರಾಜೇಂದ್ರನನ್ನು ಇಳಿಸಿದರು. ರಾಜ್ಯ ಹೋಯಿತು, ರಾಜನೆಂಬ ಹೆಸರು ಉಳಿಯಿತು. 1852ರಲ್ಲಿ ಅವನು ಮಗಳು ಗೌರಮ್ಮನನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದ, ಕಂಪನಿಯ ಮೇಲೆ ತನ್ನ ಹಣಕ್ಕಾಗಿ ದಾವೆ ಹೂಡಿದ. ಹನ್ನೊಂದರ ಹುಡುಗಿಗೆ ಅದೇ ವರ್ಷ ದೀಕ್ಷಾಸ್ನಾನವಾಯಿತು. ಧರ್ಮಮಾತೆಯಾಗಿ ನಿಂತವಳು ವಿಕ್ಟೋರಿಯಾ ರಾಣಿ, ತನ್ನ ಹೆಸರನ್ನೇ ಕೊಟ್ಟಳು. ವಿಕ್ಟೋರಿಯಾ ಗೌರಮ್ಮ. ಆಮೇಲೆ ಮದುವೆ, ಒಂದು ಹೆಣ್ಣುಮಗು, 1864ರಲ್ಲಿ ಸಾವು, ಇಪ್ಪತ್ಮೂರು ತುಂಬುವ ಮೊದಲೇ. ಮಾಸ್ತಿಯವರು ಅವಳ ಅಪ್ಪನ ಪತನವನ್ನು 'ಚಿಕವೀರ ರಾಜೇಂದ್ರ'ದಲ್ಲಿ ಬರೆದರು. 1983ರ ಜ್ಞಾನಪೀಠ ಅದಕ್ಕೇ ಬಂತು. ಆದರೆ ಗೌರಮ್ಮ ತನ್ನ ಕತೆಯನ್ನು ತಾನೇ ಬರೆದಿಡಲಿಲ್ಲ. ವಿಕ್ಟೋರಿಯಾ ಎಂಬ ಹೆಸರಿನಿಂದ ಕರೆದಾಗೆಲ್ಲ ಅವಳು ತಕ್ಷಣ ತಿರುಗಿ ನೋಡುತ್ತಿದ್ದಳೋ, ಒಂದು ಗಳಿಗೆ ತಡವಾಗಿಯೋ? ಅಂಥ ಒಂದು ಪುಸ್ತಕವಿದ್ದಿದ್ದರೆ ನಾನು ಊಟ ಬಿಟ್ಟು ಓದುತ್ತಿದ್ದೆ.

ಮುಮ್ಮಡಿಯವರದೂ ಹಾಗೆಯೇ ಮನಸ್ಸು ಕಲಕುವ ಕತೆ. ಐದು ವರ್ಷಕ್ಕೆ 1799ರಲ್ಲಿ ಪಟ್ಟ. 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡರು. ಅಲ್ಲಿಂದ 1868ರಲ್ಲಿ ತೀರಿಕೊಳ್ಳುವವರೆಗೆ, ಮೂವತ್ತೇಳು ವರ್ಷ, ರಾಜ್ಯವಿಲ್ಲದ ರಾಜರು. ಆಳುವ ಕೆಲಸ ತಪ್ಪಿದಮೇಲೆ ಅವರು ಆಟಗಳಲ್ಲಿ, ಚದುರಂಗದ ಬಂಧಗಳಲ್ಲಿ, ಚಿತ್ರಗಳಲ್ಲಿ, ಗ್ರಂಥಗಳಲ್ಲಿ ಮುಳುಗಿದರು. 'ಶ್ರೀತತ್ತ್ವನಿಧಿ'ಯ ನೂರಾರು ದೇವತೆಗಳು ಬಣ್ಣದಲ್ಲಿ ಮೂಡಿದ್ದು ಆ ಬಿಡುವಿನಲ್ಲಿ. ಹೊರಗೆ ಕಮಿಷನರ ಕಚೇರಿ ನಾಡನ್ನು ಆಳುತ್ತಿತ್ತು. ಒಳಗೆ ಪರಾಕು ಒಂದಕ್ಷರವೂ ಕಡಿಮೆಯಾಗದೆ ನಡೆಯುತ್ತಿತ್ತು. ಬಿರುದಿಗೆ ಅಧಿಕಾರ ಬೇಕಿಲ್ಲ, ಕೂಗುವ ಗಂಟಲು ಇದ್ದರೆ ಸಾಕು ಎಂದು ಅವರಿಗೆ ಅನ್ನಿಸಿರಬಹುದೇ? ಅದನ್ನು ಕೇಳಿಸಿಕೊಂಡು ಕೂತಿದ್ದ ಆ ಸಂಜೆಗಳು ಅವರಿಗೆ ಹಿತವಾಗಿದ್ದವೋ, ಭಾರವಾಗಿದ್ದವೋ?

ನಮ್ಮ ಮನೆಯಲ್ಲಿ ಬಿರುದು ಬಿದ್ದ ದಿನ ನನಗೆ ನೆನಪಿದೆ. 1971ರ ಡಿಸೆಂಬರ್. ಬಾಂಗ್ಲಾದ ಯುದ್ಧ ಮುಗಿದು ಹತ್ತು ಹನ್ನೆರಡು ದಿನ ಆಗಿತ್ತು. ಕಿಟಕಿಗಳಿಗೆ ಅಂಟಿಸಿದ್ದ ಕಪ್ಪು ಕಾಗದ ಇನ್ನೂ ಕಿತ್ತಿರಲಿಲ್ಲ. ಸಂವಿಧಾನದ 26ನೇ ತಿದ್ದುಪಡಿಯಿಂದ ಮಾಜಿ ರಾಜರ ರಾಜಧನವೂ ರಾಜರೆಂಬ ಸರ್ಕಾರಿ ಮನ್ನಣೆಯೂ ಹೋದವು. ಮೈಸೂರಿನದು ವರ್ಷಕ್ಕೆ 26 ಲಕ್ಷ ರೂಪಾಯಿ. 26ಕ್ಕೆ 26 ಎಂದು ಅಪ್ಪ ಲೆಕ್ಕದ ಸೋಜಿಗ ಹೇಳಿದರು. ಪ್ರಜೆಗಳ ನಾಡಿನಲ್ಲಿ ಅದು ಆಗಬೇಕಾದ್ದೇ, ಇಂದೂ ನನ್ನ ಅಭಿಪ್ರಾಯ ಅದೇ. 18ನೇ ವಿಧಿ ಮೊದಲೇ ಸರ್ಕಾರ ಯಾರಿಗೂ ಬಿರುದು ಕೊಡಬಾರದೆಂದು ಹೇಳಿತ್ತಲ್ಲ. ದೊಡ್ಡಮ್ಮನೂ ಆವತ್ತು ನಮ್ಮ ಮನೆಯಲ್ಲೇ ಇದ್ದಳು. ರೇಡಿಯೋ ಆರಿಸಿದಮೇಲೆ ಅವಳು ಎಷ್ಟೋ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾಗಾದ್ರೆ ಇನ್ನು ಅವರನ್ನ ಏನನ್ನಬೇಕು?" ಎಂದಳು. ಜಯಚಾಮರಾಜ ಒಡೆಯರು ಮಹಾರಾಜರಾಗಿ, 1950ರಲ್ಲಿ ರಾಜಪ್ರಮುಖರಾಗಿ, 1956ರಲ್ಲಿ ರಾಜ್ಯಪಾಲರಾಗಿ ಒಂದೊಂದೇ ಹೆಸರನ್ನು ತೊಟ್ಟು ಕಳಚಿದವರು. ಸಂಗೀತದಲ್ಲಿ ಅವರೇ ಇಟ್ಟುಕೊಂಡ ಅಂಕಿತ ಶ್ರೀವಿದ್ಯಾ. ತೊಂಬತ್ತನಾಲ್ಕು ಕೃತಿಗಳಲ್ಲಿ ಅದೊಂದೇ ಸಹಿ. ಅವರಾಗಿ ಆರಿಸಿಕೊಂಡದ್ದೂ, ಯಾವ ತಿದ್ದುಪಡಿಯೂ ಮುಟ್ಟಲಾರದ್ದೂ ಆ ಹೆಸರೇ ಎಂದು ನನಗೆ ತೋರುತ್ತದೆ.

ಅವರ ಹೆಸರಿನ ರಸ್ತೆಗೆ ನಾನು ಮತ್ತೆ ಹೋದದ್ದು 2023ರ ಜನವರಿಯಲ್ಲಿ, ಒಂದು ವಿಚಿತ್ರ ದಾರಿಯಿಂದ. ಇಂಗ್ಲೆಂಡಿನ ರಾಜಕುಮಾರ ಹ್ಯಾರಿ 'ಸ್ಪೇರ್' ಎಂಬ ತನ್ನ ಆತ್ಮಕಥೆ ಹೊರತಂದಿದ್ದ. ಮೊದಲ ದಿನವೇ 14 ಲಕ್ಷಕ್ಕೂ ಹೆಚ್ಚು ಪ್ರತಿ ಹೋದವಂತೆ. ಪಟ್ಟಕ್ಕೆ ಒಬ್ಬ, ಅವನಿಗೆ ಏನಾದರೂ ಆದರೆ ಇರಲಿ ಎಂದು ಇನ್ನೊಬ್ಬ. ತಾನು ಆ ಇನ್ನೊಬ್ಬ ಎಂಬ ನೋವಿನ ಪುಸ್ತಕ. ಕೈಗಾರಿಕಾ ಬಡಾವಣೆಯಲ್ಲಿ ಲೇತ್ ಮೆಷೀನು ಇಟ್ಟುಕೊಂಡಿರುವ ನಮ್ಮ ಪಕ್ಕದ ಮನೆಯವರಿಗೆ ಪುಸ್ತಕದ ಹೆಸರು ಹೇಳಿದೆ. "ಸ್ಪೇರಾ? ಅದು ಜೆ.ಸಿ. ರೋಡಲ್ಲಿ ಸಿಗುತ್ತೆ" ಎಂದರು, ಯೋಚಿಸದೆ. ನಿಜ, ಆ ರಸ್ತೆಯುದ್ದಕ್ಕೂ ಗಾಡಿಗಳ ಸ್ಪೇರ್ ಪಾರ್ಟ್ಸ್ ಅಂಗಡಿಗಳೇ. ಆಮೇಲೆ ಗಂಭೀರವಾಗಿ, "ಆದ್ರೆ ಮೇಡಂ, ಸ್ಪೇರ್ ಇಲ್ದೆ ಗಾಡಿ ಹೊರಡಿಸಬಾರದು" ಎಂದರು. ಆ ಮಾತು ನನ್ನನ್ನು ಜಯಚಾಮರಾಜರ ತಂದೆಯ ಹತ್ತಿರ ಕರೆದೊಯ್ದಿತು. ನಾಲ್ವಡಿಯವರ ತಮ್ಮ ಕಂಠೀರವ ನರಸಿಂಹರಾಜ ಒಡೆಯರು, ಯುವರಾಜರು. 1888ರಲ್ಲಿ ಹುಟ್ಟಿದವರು ಐವತ್ತು ದಾಟಿದಮೇಲೂ ಯುವರಾಜರೇ. ಅಣ್ಣನಿಗಿಂತ ಕೆಲವೇ ತಿಂಗಳು ಮೊದಲು, 1940ರ ಮಾರ್ಚಿನಲ್ಲಿ, ತೀರಿಕೊಂಡರು. ಪಟ್ಟ ಅವರನ್ನು ದಾಟಿ ಮಗನ ತಲೆಗೆ ಬಂತು. ಮೈಸೂರಿನ ಯುವರಾಜ ಕಾಲೇಜಿನ ಹೆಸರಿನಲ್ಲಿ ಅವರಿಗೆ ಇನ್ನೂ ಅದೇ ಪ್ರಾಯ. ಅವರು ಹೇಳಿಬಿಟ್ಟೋತ್ತಿಗೆ ಬರೆಯಲಿಲ್ಲ. ಅಣ್ಣನ ನೆರಳಿನಲ್ಲಿ ಕಳೆದ ಐವತ್ತು ವರ್ಷ ತಂಪಾಗಿತ್ತೋ ಕತ್ತಲಾಗಿತ್ತೋ ಅವರೊಬ್ಬರಿಗೇ ಗೊತ್ತು.

ಹಾಗೆ ನೋಡಿದರೆ ನಮ್ಮ ಮೈಸೂರು ಸೀಮೆಯ ನೆನಪಿನ ಪುಸ್ತಕಗಳೆಲ್ಲ ಬಾಗಿಲಲ್ಲೇ ಚಪ್ಪಲಿ ಬಿಟ್ಟು ನಿಲ್ಲುವಂಥವು. ವಿಶ್ವೇಶ್ವರಯ್ಯನವರ ನೆನಪುಗಳು 1951ರಲ್ಲಿ ಬಂದವು. ಹೆಸರಿನಲ್ಲೇ ಅವು ದುಡಿಮೆಯ ಬದುಕಿನವು. 1954ರಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲರದು, ಸಾರ್ವಜನಿಕ ಬದುಕಿನದು. ಡಿ.ವಿ.ಜಿ. ದಿವಾನರನ್ನು ಕುರಿತು ಬರೆದ 'ಜ್ಞಾಪಕ ಚಿತ್ರಶಾಲೆ'ಯ ಸಂಪುಟವನ್ನೂ, ನವರತ್ನ ರಾಮರಾಯರ 'ಕೆಲವು ನೆನಪುಗಳು' ಪುಸ್ತಕವನ್ನೂ ನಾನು ಮತ್ತೆ ಮತ್ತೆ ಗ್ರಂಥಾಲಯದಿಂದ ತಂದಿದ್ದೇನೆ. ರಾಮರಾಯರು ಸೆಂಟ್ರಲ್ ಕಾಲೇಜಿನಲ್ಲಿ ನಮ್ಮ ರಾಜಾಜಿಯ ಜೊತೆಗಾರರು, ಕೊನೆಯವರೆಗೂ ಗೆಳೆಯರು. ಅವರ ಪುಸ್ತಕದ ಹೆಸರಿನಲ್ಲಿರುವ ಆ 'ಕೆಲವು' ಎಂಬ ಮಾತನ್ನು ನೋಡಿ. ಎಲ್ಲವೂ ಅಲ್ಲ, ಕೆಲವು. ಅಡುಗೆಮನೆಯಲ್ಲಿ ದೊಡ್ಡಮ್ಮ ಉಪ್ಪು ಹಾಕುವ ಬೆರಳಿನ ಅಳತೆ ಅದು.

ಅತ್ತ ಲಂಡನ್ನಿನಲ್ಲೂ ಆ ಗುಮಾಸ್ತರಂಥ ಒಬ್ಬ ಹೆಂಗಸಿದ್ದಳು. ಮರಿಯನ್ ಕ್ರಾಫರ್ಡ್, ಇಬ್ಬರು ರಾಜಕುಮಾರಿಯರಿಗೆ ಹದಿನಾರು ವರ್ಷ ಪಾಠ ಹೇಳಿದವಳು. 1950ರಲ್ಲಿ ಅವಳು ಆ ಮಕ್ಕಳ ಬಾಲ್ಯವನ್ನು ಪುಸ್ತಕ ಮಾಡಿದಳು. ಇಂದು ಓದಿದರೆ ಅದರಲ್ಲಿ ಹಾಲಿನ ಕೆನೆಯಷ್ಟು ಮೃದುವಾದ ಸಂಗತಿಗಳೇ. ಎಲಿಜಬೆತ್ ರಾಣಿಯಾಗುವ ಮುಂಚಿನ ಲಿಲಿಬೆತ್, ಮನೆಯ ಹೆಸರು. ಅರಮನೆ ಮತ್ತೆ ಅವಳೊಂದಿಗೆ ಮಾತಾಡಲಿಲ್ಲ. ಅವಳು ಸ್ಕಾಟ್ಲೆಂಡಿನಲ್ಲಿ, ರಾಜಮನೆತನ ಬೇಸಿಗೆಯ ಅರಮನೆಗೆ ಹೋಗುವ ರಸ್ತೆಯ ಹತ್ತಿರ ಮನೆ ಮಾಡಿಕೊಂಡು ಉಳಿದಳು, 1988ರಲ್ಲಿ ತೀರಿಕೊಂಡಳು. ಕಾರುಗಳು ಹೋಗುತ್ತಿದ್ದವು, ಬರುತ್ತಿದ್ದವು. ಯಾವುದೂ ನಿಲ್ಲಲಿಲ್ಲ. ಅವಳು ಮಾಡಿದ್ದು ತಪ್ಪೋ ಸರಿಯೋ ನಾನು ತೀರ್ಮಾನಿಸಿಲ್ಲ. ಆ ಕಿಟಕಿಯ ಹತ್ತಿರ ನನ್ನ ಮನಸ್ಸು ಆಗಾಗ ಹೋಗಿ ನಿಲ್ಲುತ್ತದೆ.

ಮೌನ ಯಾವಾಗಲೂ ಚೆಲುವಲ್ಲ ಎಂಬುದನ್ನೂ ಹೇಳಬೇಕು. ಆಂಡ್ರೂವಿನ ಬಿರುದು ಹೋಗುವುದಕ್ಕೆ ಒಂಬತ್ತು ದಿನ ಮೊದಲು, ಅವನ ಮೇಲೆ ಆರೋಪ ಹೊರಿಸಿದ್ದ ವರ್ಜೀನಿಯಾ ಜೂಫ್ರೆಯ ಪುಸ್ತಕ ಬಂತು, ಅವಳು ತೀರಿಕೊಂಡು ಆರು ತಿಂಗಳಾದಮೇಲೆ. ಅವಳ ಆರೋಪಗಳನ್ನು ಆತ ನಿರಾಕರಿಸುತ್ತಲೇ ಬಂದಿದ್ದಾನೆ. ಆದರೆ ಒಬ್ಬ ಹೆಣ್ಣುಮಗಳು ತಾನು ಎಳೆಯವಳಿದ್ದಾಗ ತನಗಾದದ್ದನ್ನು ಬರೆದಿಟ್ಟು ಹೋದದ್ದನ್ನು ಅರಮನೆ ಗಾಸಿಪ್ಪಿನ ಸಾಲಿನಲ್ಲಿಡಲು ನನ್ನ ಕೈ ಏಳುವುದಿಲ್ಲ. ಉಗ್ರಾಣದ ಗುಮಾಸ್ತರು ತಾವಾಗಿ ಸುಮ್ಮನಿದ್ದರು. ಸುಮ್ಮನಿರಿಸಲ್ಪಟ್ಟವರು ಮಾತಾಡಿದಾಗ ಅದು ಸಾಕ್ಷ್ಯ. ಆ ಬೆಳಿಗ್ಗೆ ಪಾರ್ಕಿನಲ್ಲೂ ಅವಳ ಹೆಸರು ಬಂದಾಗ ಬೆಂಚಿನ ಮೇಲಿನ ನಗು ನಿಂತಿತ್ತು.

ಸಂಜೆಗೆ ನಾನು ಡಾ. ರಾಜ್‌ಕುಮಾರ್ ರಸ್ತೆಯಲ್ಲಿ ತರಕಾರಿ ಹಿಡಿದು ಬರುತ್ತಿದ್ದೆ. ಕನ್ನಡ ಬಾವುಟದ ಪಕ್ಕ ಅವರ ಪಟ. ಒಂದು ತಲೆಮಾರಿಗೆ ರಾಜರನ್ನು ತೋರಿಸಿದವರೇ ಅವರು: 1960ರಲ್ಲಿ ರಣಧೀರ ಕಂಠೀರವ, 1967ರಲ್ಲಿ ಇಮ್ಮಡಿ ಪುಲಿಕೇಶಿ, 1970ರಲ್ಲಿ ಕೃಷ್ಣದೇವರಾಯ, 1975ರಲ್ಲಿ ಮಯೂರ. ನನ್ನ ಕಣ್ಣೊಳಗಿನ ಕೃಷ್ಣದೇವರಾಯನ ಮೂಗು ಇವತ್ತಿಗೂ ಅವರದೇ. ನಟಸಾರ್ವಭೌಮ ಎಂದು ಬಿರುದು ಕೊಟ್ಟೆವು. ಆದರೆ ಅವರು ಮುತ್ತುರಾಜ; ಬೀದಿಯಲ್ಲಿ, ಆಟೋದಲ್ಲಿ, ಹೋಟೆಲಿನಲ್ಲಿ ಅಣ್ಣಾವ್ರು. ಸಾರ್ವಭೌಮನನ್ನು ಅಣ್ಣನನ್ನಾಗಿ ಮಾಡಿಕೊಂಡಮೇಲೆಯೇ ಜನಕ್ಕೆ ಸಮಾಧಾನ. ಬಸವಣ್ಣನಿಗೆ ಮಾಡಿದ್ದೂ ಅದನ್ನೇ ಅಲ್ಲವೇ?

ಇದರ ತಿರುಗುಮುರುಗೂ ನಮ್ಮ ಮನೆಗಳಲ್ಲಿ ದಿನಾ ನಡೆಯುತ್ತದೆ. ಮೊನ್ನೆ ಮಹಡಿಯ ಮೇಲಿನ ಬಾಡಿಗೆಯವಳು ಮಗುವಿಗೆ ಅನ್ನ ತಿನ್ನಿಸುತ್ತ ಮೆಟ್ಟಿಲು ಮೆಟ್ಟಿಲು ಇಳಿದು ಬಂದಳು. "ಬಾ ನನ್ನ ರಾಜಾ, ಒಂದೇ ತುತ್ತು. ನನ್ನ ದೊರೆ ಅಲ್ವಾ, ನನ್ನ ಮಹಾರಾಜ ಅಲ್ವಾ." ಚಡ್ಡಿಯಿಲ್ಲದ ಆ ಮಹಾರಾಜ ಬಾಯಿ ಬಿಗಿಹಿಡಿದು ಗೇಟಿನ ಕಡೆ ಓಡಿದ. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಒಳಗೆ ಕರೆಯುವ ಹೆಸರು ರಾಜ. ಹಾಗಾದರೆ ಅರಮನೆಯಲ್ಲಿ?

2015ರ ಮೇ 28, ಗುರುವಾರ. ಅಂಬಾವಿಲಾಸ ಅರಮನೆಯಲ್ಲಿ ಯದುವೀರ ಕೃಷ್ಣದತ್ತ ಚಾಮರಾಜ ಒಡೆಯರ ಪಟ್ಟಾಭಿಷೇಕ. 2013ರ ಡಿಸೆಂಬರಿನಲ್ಲಿ ಶ್ರೀಕಂಠದತ್ತ ನರಸಿಂಹರಾಜ ಒಡೆಯರು ಮಕ್ಕಳಿಲ್ಲದೆ ತೀರಿಕೊಂಡಿದ್ದರು. ಅವರ ಪತ್ನಿ ಪ್ರಮೋದಾದೇವಿಯವರು 2015ರ ಫೆಬ್ರವರಿಯಲ್ಲಷ್ಟೇ ಯದುವೀರರನ್ನು ದತ್ತು ತೆಗೆದುಕೊಂಡಿದ್ದರು. ಸರ್ಕಾರದ ಕಾಗದದಲ್ಲಿ ಪಟ್ಟವೆಂಬುದಿಲ್ಲ. ಆದರೂ ನಾಡಿಗೆ ನಾಡೇ ಟೀವಿಯ ಮುಂದೆ ಕೂತಿತ್ತು. ದೊಡ್ಡಮ್ಮನಿಗೆ ಆಗ ಎಂಬತ್ತೈದು. ಬೆಳಿಗ್ಗೆಯೇ ಸ್ನಾನ ಮಾಡಿ ಮೈಸೂರು ರೇಷ್ಮೆ ಉಟ್ಟು ಕೂತಿದ್ದಾಳೆಂದು ಫೋನು ಬಂದು ನಾನು ಆಟೋ ಹಿಡಿದು ವಿಜಯನಗರಕ್ಕೆ ಹೋದೆ. ಸೀರೆಯ ನಾಲ್ಕು ಮಡಿಕೆಯ ಗೆರೆ ಇನ್ನೂ ಹೋಗಿರಲಿಲ್ಲ. ತೆರೆಯ ಮೇಲೆ ಹೊಗೆ, ಕಳಶ, ಮಂತ್ರ, ಜರಿಯ ಪೇಟ. ಇಪ್ಪತ್ಮೂರರ ಹುಡುಗ ಎಷ್ಟೋ ಹೊತ್ತಿನಿಂದ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದ. ಪರಾಕು ಎದ್ದಿತು. ದೊಡ್ಡಮ್ಮನ ತುಟಿ ಅದರ ಜೊತೆಗೆ ಅಲುಗತೊಡಗಿತು. ಶ್ರೀಮನ್ಮಹಾರಾಜಾಧಿರಾಜ. ನಾನು ಅವಳನ್ನೇ ನೋಡುತ್ತಿದ್ದೆ, ಒಂದೇ ಉಸಿರಿನಲ್ಲಿ ಮುಟ್ಟುತ್ತಾಳೋ ಎಂದು. ನಡುವೆ ನಿಲ್ಲಿಸಿದಳು. ಟೀವಿಯ ಹತ್ತಿರ ಬಾಗಿ ಆ ಮುಖವನ್ನು ನೋಡಿದಳು.

"ಪಾಪ, ಮಗು ಬೆಳಗ್ಗೆಯಿಂದ ಏನಾದ್ರೂ ತಿಂದಿದೆಯೋ ಇಲ್ವೋ."

"ತಿಂದಿರ್ತಾರೆ ಬಿಡು ದೊಡ್ಡಮ್ಮ."

"ನಿಂಗೇನೇ ಗೊತ್ತು. ನಮ್ಮಪ್ಪ ಇದ್ದಾಗ ಅರಮನೇಲಿ ಒಂದ್ಸಲ ಏನಾಯ್ತು ಅಂದ್ರೆ..."

ನಾನು ಮೆಲ್ಲಗೆ ಟೀವಿಯ ಸದ್ದು ತಗ್ಗಿಸಿದೆ. ಅವಳು ನನ್ನ ಮುಖ ನೋಡಿದಳು. ಆಮೇಲೆ ಅಡುಗೆಮನೆಯ ಕಡೆ ನೋಡಿದಳು.

"ಬಿಡೇ. ಉಪ್ಪಿಟ್ಟು ಆರೋಗ್ತಾ ಇದೆ, ತಟ್ಟೆ ಹಾಕು."